ಒಕ್ಕ, ಹೆಣ್ಣು, ಗುರುತು: ಕೊಡಗನ್ನು ಓದಿದ ಸಮಾಜಶಾಸ್ತ್ರ

ಬ್ರಹ್ಮಗಿರಿಯ ಮಗ್ಗುಲಲ್ಲಿ, ಕೇರಳದ ತೋಲ್ಪೆಟ್ಟಿಗೆ ದಾರಿ ಹಿಡಿಯುವ ಗಡಿಯಲ್ಲಿರುವ ಕುಟ್ಟವನ್ನು ಹೊರಗಿನವರು ಕಾಫಿ ಮತ್ತು ಕರಿಮೆಣಸಿನ ಊರೆಂದು ಬಲ್ಲರು. ಆದರೆ ಮನೆತನ, ಮದುವೆ, ಹೆಣ್ಣು ಗಂಡಿನ ಸ್ಥಾನಮಾನ, ಜಾತಿಯ ಗುರುತು ಇವೆಲ್ಲವನ್ನೂ ಜನರ ನಡುವೆ ಹೋಗಿ ಕಂಡು ಬರೆಯುವ ವಿದ್ಯೆಗೆ ಭಾರತದಲ್ಲಿ ಬುನಾದಿ ಹಾಕಿದ ಗ್ರಂಥಗಳಲ್ಲೊಂದು ಇದೇ ಕೊಡಗಿನಿಂದ ಹುಟ್ಟಿತೆಂಬುದು ಈ ಸೀಮೆಯವರು ಅಭಿಮಾನದಿಂದ ನೆನೆಯಬೇಕಾದ ಸಂಗತಿ.

ಅದನ್ನು ಬರೆದ ಎಂ. ಎನ್. ಶ್ರೀನಿವಾಸ್ 1916ರಲ್ಲಿ, ಅಂದರೆ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದ ವರ್ಷವೇ, ಮೈಸೂರಿನಲ್ಲಿ ಹುಟ್ಟಿ, ಅಲ್ಲಿಯೇ ಓದಿ, ಬಳಿಕ ಮುಂಬಯಿಯಲ್ಲಿ ಜಿ. ಎಸ್. ಘುರ್ಯೆಯವರ ಶಿಷ್ಯರಾದರು. ಘುರ್ಯೆಯವರ ಬಳಿ ಕೊಡವರ ಬಗ್ಗೆ ಬರೆದ ಪ್ರಬಂಧದ ಸಾಮಗ್ರಿಯೊಡನೆ 1945ರಲ್ಲಿ ಆಕ್ಸ್‌ಫರ್ಡ್ ಸೇರಿದಾಗ, ಆಚರಣೆಗಳನ್ನು ಬರಿದೆ ವರ್ಣಿಸಿ ಬಿಡದೆ ಅವು ಸಮಾಜವನ್ನು ಹೇಗೆ ಕಟ್ಟಿ ನಿಲ್ಲಿಸುತ್ತವೆಂದು ಕೇಳಬೇಕೆಂಬ ದೃಷ್ಟಿ ಅಲ್ಲಿನ ಮಾನವಶಾಸ್ತ್ರಜ್ಞ ರ್‍ಯಾಡ್‌ಕ್ಲಿಫ್ ಬ್ರೌನ್ ಅವರಿಂದ ದೊರೆಯಿತು. 1952ರಲ್ಲಿ ಗ್ರಂಥ ಅಚ್ಚಾಯಿತು.

ಅದರ ನಡುಗಂಬ ಒಕ್ಕ, ಅಂದರೆ ಒಬ್ಬನೇ ಮೂಲಪುರುಷನಿಂದ ಗಂಡುಸಂತತಿಯ ಮೂಲಕ ಇಳಿದು ಬಂದ, ಐನ್‌ಮನೆಯೆಂಬ ಹಿರಿಮನೆಗೆ ಸೇರಿದ ಕುಟುಂಬ. ವ್ಯಕ್ತಿಯ ಸ್ಥಾನವನ್ನು ಮೇಲೆತ್ತುವ ಸಂಸ್ಕಾರಕ್ಕೆ ಕೊಡವರು ಮಂಗಲವೆನ್ನುತ್ತಾರೆ. ಮದುವೆಯೂ ಒಂದು ಮಂಗಲವೇ. ಹುಲಿ ಕೊಂದವನಿಗೆ ನಡೆಯುತ್ತಿದ್ದ ನರಿಮಂಗಲದಲ್ಲಿ (ಕೊಡವ ಭಾಷೆಯಲ್ಲಿ ನರಿಯೆಂದರೆ ಹುಲಿ) ಸತ್ತ ಹುಲಿಯನ್ನು ತೂಗುಹಾಕಿ, ಅದರ ಪಕ್ಕದಲ್ಲಿ ಬೇಟೆಗಾರನನ್ನು ಮದುಮಗನಂತೆ ಅಲಂಕರಿಸಿ ಕೂರಿಸಿ, ನೆಂಟರಿಷ್ಟರು ಒಬ್ಬೊಬ್ಬರಾಗಿ ಬಂದು ಅಕ್ಕಿ ಹಾಕಿ ಹರಸಿ ಕಾಣಿಕೆ ಕೊಡುತ್ತಿದ್ದರು. ಹೆಣ್ಣಿಗೆ ಅಂಥ ಗೌರವ ಸಲ್ಲುತ್ತಿದ್ದುದು ಹತ್ತು ಮಕ್ಕಳನ್ನು ಹೆತ್ತಾಗ. ಗಂಡಿಗೆ ಕಾಡಿನ ಸಾಹಸ, ಹೆಣ್ಣಿಗೆ ಬಾಣಂತಿತನ! ಲಿಂಗತ್ವದ ಅಧ್ಯಯನ, ಅಂದರೆ ಹೆಣ್ತನ ಗಂಡುತನಗಳನ್ನು ಸಮಾಜವೇ ರೂಪಿಸುವ ಬಗೆಯ ವಿಚಾರಣೆ, ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಬೇರೂರುವ ಎಷ್ಟೋ ಮೊದಲೇ ಅದಕ್ಕೆ ಬೇಕಾದ ಸಾಮಗ್ರಿ ಹೀಗೆ ಈ ಪುಟಗಳಲ್ಲಿ ಕೂಡಿಬಿದ್ದಿತ್ತು. ಮದುವೆಯಲ್ಲಿ ಎರಡೂ ಕಡೆಯ ಅರುವರು, ಅಂದರೆ ಒಕ್ಕದ ಪರವಾಗಿ ನಿಂತು ಮಾತನಾಡುವವರು, ತಮ್ಮ ನಡುವೆ ಹನ್ನೊಂದು ಹರಳುಕಲ್ಲುಗಳನ್ನು ಕೈಯಿಂದ ಕೈಗೆ ಒಪ್ಪಿಸುತ್ತಿದ್ದುದೂ ಅಂಥದ್ದೇ: ಹೊಸ ಮನೆಯಲ್ಲಿ ಅವಳಿಗೆ ಸಲ್ಲಬೇಕಾದ ಹಕ್ಕು ಅಂಗೈಯಿಂದ ಅಂಗೈಗೆ ದಾಟುತ್ತಿತ್ತು, ಆದರೆ ದಾಟಿಸುವ ಅಂಗೈಗಳೆರಡೂ ಗಂಡಸರವು.

ಕೆಳಗಿನ ಜಾತಿಗಳು ಮೇಲಿನವರ ಆಚಾರಗಳನ್ನು ಅನುಸರಿಸಿ ಮೇಲೇರಲು ಯತ್ನಿಸುವುದನ್ನು ಶ್ರೀನಿವಾಸ್ ಸಂಸ್ಕೃತೀಕರಣವೆಂದು ಕರೆದರು; ಗ್ರಂಥಕ್ಕೆ ಕೀರ್ತಿ ತಂದದ್ದು ಈ ಪರಿಕಲ್ಪನೆ. ಆ ಏರಿಕೆಯ ಬೆಲೆಯನ್ನು ಹೆಂಗಸರೇ ಹೆಚ್ಚಾಗಿ ತೆರುತ್ತಾರೆಂಬುದನ್ನೂ ಅವರು ಗುರುತಿಸಿದರು, 1976ರ ಹಕ್ಸ್‌ಲಿ ಸ್ಮಾರಕ ಉಪನ್ಯಾಸಕ್ಕೆ ಭಾರತೀಯ ಮಹಿಳೆಯರ ಬದಲಾಗುತ್ತಿರುವ ಸ್ಥಾನವನ್ನೇ ವಸ್ತುವಾಗಿ ಆರಿಸಿಕೊಂಡರು. ಆದರೂ ಕೊಡಗಿನ ಹೆಣ್ಣನ್ನೇ ನಡುವೆ ನಿಲ್ಲಿಸಿದ ಬರಹಕ್ಕೆ ಮುಂಬಯಿಯ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾನಿಲಯದ ವೀಣಾ ಪೂಣಚ್ಚ ಅವರವರೆಗೆ ಕಾಯಬೇಕಾಯಿತು. ಕೊಡವರ ಮದುವೆ ಮತ್ತು ದಾಂಪತ್ಯದ ಕಟ್ಟಳೆಗಳ ಮೇಲೆ ವಸಾಹತು ಆಡಳಿತ ಒತ್ತಿದ ಅಚ್ಚನ್ನು ಅವರು 1995ರಲ್ಲಿ ಬಿಡಿಸಿ ತೋರಿಸಿದರು. ಮುಂದೆ ಮೂವರು ಕೊಡವ ಮಹಿಳೆಯರ ಬದುಕನ್ನು ಪುಸ್ತಕವಾಗಿಸಿದರು.

ಕುಟ್ಟದ ಕಡೆಯಿಂದ ನೋಡಿದರೆ ಇನ್ನೊಂದು ಕೊರತೆ ಮನಸ್ಸಿಗೆ ನೋವುಂಟುಮಾಡುತ್ತದೆ. ಇಲ್ಲಿನ ಗದ್ದೆ ತೋಟಗಳಲ್ಲಿ ತಲೆತಲಾಂತರದಿಂದ ದುಡಿದ ಯರವರು ತಮ್ಮನ್ನು ರಾವುಳರೆಂದು ಕರೆದುಕೊಳ್ಳುತ್ತಾರೆ. ಗಡಿ ದಾಟಿದೊಡನೆ ವಯನಾಡಿನಲ್ಲಿ ಅದೇ ಜನಕ್ಕೆ ಅಡಿಯರೆಂಬ ಹೆಸರು. ಮಾನಂದವಾಡಿಯ ಬಳಿಯ ವಳ್ಳಿಯೂರ್‌ಕಾವು ಜಾತ್ರೆಯಲ್ಲಿ ಹಿಂದೆ ಒಡೆಯರು ಇಂಥವರಿಗೆ ನಿಲ್ಪುಪಣವೆಂಬ ಅಲ್ಪ ಹಣ ಕೊಟ್ಟು ವರ್ಷವಿಡೀ ಜೀತಕ್ಕೆ ಕಟ್ಟಿಹಾಕಿಕೊಳ್ಳುತ್ತಿದ್ದರು. ಶ್ರೀನಿವಾಸರ ಗ್ರಂಥದಲ್ಲಿ ಒಕ್ಕಕ್ಕೆ ದೊರೆತ ಕೇಂದ್ರಸ್ಥಾನ ಹಾಡಿಗಳಲ್ಲಿ, ಅಂದರೆ ಬುಡಕಟ್ಟಿನ ಕೇರಿಗಳಲ್ಲಿ, ಬಾಳುವ ಈ ಜನಕ್ಕೆ ದೊರೆಯಲಿಲ್ಲ. ಯರವ ಹೆಣ್ಣಿನ ದುಡಿಮೆ, ಮದುವೆ, ಮಾತು, ಎರಡು ರಾಜ್ಯಗಳ ನಡುವೆ ಹಂಚಿಹೋದ ಅವಳ ನೆಂಟಸ್ತಿಕೆ, ಇವನ್ನು ಒಕ್ಕದ ಮಂಗಲಗಳನ್ನು ಬರೆದಷ್ಟೇ ತಾಳ್ಮೆಯಿಂದ ಬರೆಯುವ ಕೆಲಸವನ್ನು ಹಾಡಿಯಲ್ಲೇ ಹುಟ್ಟಿ ಬೆಳೆದ ವಿದ್ಯಾರ್ಥಿನಿ ಕೈಗೆತ್ತಿಕೊಳ್ಳಬೇಕು, ಅವಳಿಗೆ ಬೇಕಾದ ವಿದ್ಯಾರ್ಥಿವೇತನವನ್ನೂ ಮಾರ್ಗದರ್ಶನವನ್ನೂ ವಿಶ್ವವಿದ್ಯಾನಿಲಯಗಳು ಒದಗಿಸಬೇಕು.