ಕೈಸನ್ನೆಗೂ ನುಡಿಯುಂಟು



ಇನ್ನು ಕಂಪ್ಯೂಟರಿಗೆ ಕೀಲಿಮಣೆಯೇ ಬೇಡವಂತೆ. ಮೈಮೇಲೆ ಕ್ಯಾಮೆರಾ ತೊಟ್ಟು ಕೈಯಾಡಿಸಿದರೆ ಸಾಕಂತೆ. ಕೈಗೆ ಯಾವ ಭಾಷೆ, ಇಲ್ಲಿ ಕನ್ನಡದ ಪ್ರಶ್ನೆ ಎಲ್ಲಿಂದ ಬಂತು ಎಂದು ಕೇಳುವವರಿದ್ದಾರೆ. ಅವರ ಮಾತು ನಂಬಬೇಡಿ.

2009ರ ನವೆಂಬರಿನಲ್ಲಿ ನಮ್ಮ ಮೈಸೂರಿನಲ್ಲೇ, ಇನ್ಫೋಸಿಸ್ ಆವರಣದ ಟೆಡ್ ಇಂಡಿಯಾ ವೇದಿಕೆಯಲ್ಲಿ, ಗುಜರಾತಿನ ಪ್ರಣವ್ ಮಿಸ್ತ್ರಿ ‘ಸಿಕ್ಸ್ತ್ ಸೆನ್ಸ್’ ಎಂಬ ಸಾಧನದ ಬಗ್ಗೆ ಮಾತಾಡಿದರು. ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬಿನಲ್ಲಿ ಕಟ್ಟಿದ್ದು. ಕೊರಳಲ್ಲಿ ತೂಗುವ ಪುಟ್ಟ ಕ್ಯಾಮೆರಾ, ಪುಟ್ಟ ಪ್ರೊಜೆಕ್ಟರು. ಬೆರಳ ತುದಿಗೆ ಬಣ್ಣದ ಟೋಪಿ. ಬಣ್ಣ ಎತ್ತ ಸರಿಯಿತೆಂದು ಕ್ಯಾಮೆರಾ ನೋಡುತ್ತದೆ. ಕಂಪ್ಯೂಟರು ಲೆಕ್ಕ ಹಾಕುತ್ತದೆ. ಉತ್ತರ ಗೋಡೆಯ ಮೇಲೋ ಅಂಗೈ ಮೇಲೋ ಮೂಡುತ್ತದೆ. ಬೆರಳುಗಳಲ್ಲಿ ಚೌಕಟ್ಟು ಹಿಡಿದರೆ ಫೋಟೋ. ಮಣಿಕಟ್ಟಿನ ಮೇಲೆ ವೃತ್ತ ಬರೆದರೆ ಗಡಿಯಾರ! ಬಿಡಿಭಾಗಗಳ ವೆಚ್ಚ ಆಗ ಸುಮಾರು 350 ಡಾಲರ್ ಅಷ್ಟೆ. (ಈ ಹಾದಿಯನ್ನು ಕೆನಡಾದ ಸ್ಟೀವ್ ಮ್ಯಾನ್ ಬಹಳ ಮೊದಲೇ ತುಳಿದಿದ್ದರು, ಅವರನ್ನು ಮರೆಯುವುದು ನ್ಯಾಯವಲ್ಲ.)

ಆ ಯಂತ್ರಕ್ಕೆ ಗೊತ್ತಿದ್ದ ಸನ್ನೆಗಳಲ್ಲಿ ಒಂದು ನಮಸ್ಕಾರ. ಕೈಮುಗಿದರೆ ಮೊದಲ ಪರದೆಗೆ ಮರಳುತ್ತಿತ್ತು. ಅಮೆರಿಕದ ಯಂತ್ರ ನಮಸ್ಕಾರ ಕಲಿತದ್ದು ಹೇಗೆ? ಕೈಮುಗಿಯುವ ನಾಡಿನವರೊಬ್ಬರು ಅಲ್ಲಿ ಕೂತು ಕಲಿಸಿದರು!

ಈಗ ಬಣ್ಣದ ಟೋಪಿಯೂ ಬೇಕಿಲ್ಲ. 2019ರಲ್ಲಿ ಗೂಗಲ್ ಹೊರಬಿಟ್ಟ ಮೀಡಿಯಾಪೈಪ್ ಎಂಬ ಉಚಿತ ತಂತ್ರಾಂಶ ಮಾಮೂಲಿ ಕ್ಯಾಮೆರಾದಿಂದಲೇ ಕೈಯ 21 ಬಿಂದುಗಳನ್ನು ಹಿಡಿಯುತ್ತದೆ. ಆದರೆ ಆ ಬಿಂದುಗಳ ಅರ್ಥವನ್ನು ಯಾರಾದರೂ ಹೇಳಿಕೊಡಬೇಕಲ್ಲ? ನಾವು ‘ಬಾ’ ಎನ್ನಲು ಅಂಗೈ ಕೆಳಗೆ ಮಾಡಿ ಬೆರಳು ಮಡಿಸುತ್ತೇವೆ. ಅಮೆರಿಕದವನಿಗೆ ಅದು ‘ಹೋಗು’ ಎಂದಂತೆ ಕಂಡೀತು. ತಲೆಯನ್ನು ಅತ್ತಿತ್ತ ವಾಲಿಸಿ ನಾವು ‘ಹೂಂ’ ಎಂದರೆ ಅವನು ‘ಉಹೂಂ’ ಎಂದುಕೊಂಡಾನು. ನಮ್ಮ ಅಜ್ಜಿಯರು ಹೆಬ್ಬೆರಳಿನಿಂದ ಉಳಿದ ಬೆರಳುಗಳ ಗೆರೆ ಮುಟ್ಟುತ್ತ ಒಂದೇ ಕೈಯಲ್ಲಿ ಹನ್ನೆರಡರವರೆಗೆ ಎಣಿಸುತ್ತಾರೆ. ಐದಕ್ಕೇ ನಿಲ್ಲುವ ಯಂತ್ರದ ಮುಂದೆ ಅವರು ದಡ್ಡರಾಗಬೇಕೇ?

ಬೆಂಗಳೂರಿನಲ್ಲಿ ಕೋಡ್ ಬರೆಯುತ್ತಿರುವ ಗೆಳೆಯರೇ, ಈ ಕೆಲಸ ನಿಮ್ಮದು. ಕಂಪನಿ ಮಾಡಿಕೊಡುತ್ತದೆಂದು ಕಾಯಬೇಡಿ. ನಿಮ್ಮ ಮನೆಯಲ್ಲಿ, ಸಂತೆಯಲ್ಲಿ ಕೈಗಳು ಹೇಗೆ ಮಾತಾಡುತ್ತವೆ ನೋಡಿ, ಚಿತ್ರಿಸಿ. ಕೇಳಿ ಚಿತ್ರಿಸಿ, ಒಲ್ಲೆ ಎಂದವರ ಮುಂದೆ ಕ್ಯಾಮೆರಾ ಮುಚ್ಚಿ. ಎದೆಯ ಮೇಲೆ ಕ್ಯಾಮೆರಾ ಇದ್ದರೆ ಎದುರಿನವರಿಗೆ ಅದು ತೆರೆದಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಮೊದಲು ‘ಬಾ’, ಆಮೇಲೆ ‘ಹೂಂ’. ಈ ಎರಡರಿಂದ ಶುರುಮಾಡಿ.