ನೆಲ ಬಿಡುವ ಹೊತ್ತು

(ಶ್ರವಣಬೆಳಗೊಳದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಈ ಊರಿನಲ್ಲಿ ಉಪನ್ಯಾಸ ಎಂದರೆ ಶಾಸನದ ಮೇಲೋ ಜೈನ ಕಾವ್ಯದ ಮೇಲೋ ಇರಬೇಕು. ವಿಮಾನದ ಬಗ್ಗೆ ಮಾತಾಡಿ ಎಂದು ಕೇಳಿದಾಗ ಎರಡು ದಿನ ಹಿಂದೆಮುಂದೆ ನೋಡಿದೆ. ನಾನು ಚನ್ನರಾಯಪಟ್ಟಣದ ಮಗ್ಗುಲ ಹಳ್ಳಿಯವನು. ಮೂವತ್ತು ವರ್ಷ ವಿಮಾನಗಳ ಹೊಟ್ಟೆಯಡಿ ಟಾರ್ಚು ಹಿಡಿದು ಮಲಗಿ ಸಂಬಳ ಎಣಿಸಿದವನು. ವಿಮಾನ ಹಾರಿಸಿದವನಲ್ಲ, ಇದು ಹಾರಬಹುದು ಎಂದು ಪುಸ್ತಕದಲ್ಲಿ ಸಹಿ ಹಾಕಿದವನು. ಆಮೇಲೆ ನೆನಪಾಯಿತು, ಹಾರುವ ಯಂತ್ರವನ್ನು ಮೊದಲ ಸಲ ಹತ್ತಿರದಿಂದ ನೋಡಿದ್ದು ಇದೇ ಊರಿನಲ್ಲಿ. 1981ರ ಫೆಬ್ರುವರಿ, ಸಾವಿರ ವರ್ಷದ ಮಹಾಮಸ್ತಕಾಭಿಷೇಕ. ಪ್ರಧಾನಿ ಇಂದಿರಾ ಗಾಂಧಿಯವರು ಹೆಲಿಕಾಪ್ಟರಿನಿಂದ ಗೊಮ್ಮಟನ ಮೇಲೆ ಹೂವು ಸುರಿಸಿದರು. ಜನವೆಲ್ಲ ಕೈಮುಗಿದು ಹೂವು ನೋಡುತ್ತಿದ್ದರೆ, ಪಕ್ಕದಲ್ಲಿದ್ದ ನಮ್ಮ ಸೋದರಮಾವ ಟವೆಲಿನಲ್ಲಿ ಧೂಳು ಒರೆಸಿಕೊಳ್ಳುತ್ತ, "ಇದು ಮ್ಯಾಲಕ್ಕೆ ಹೋಗೋವಾಗ ಏನಾರ ಆದ್ರೆ ಏನ್ಲಾ ಮಾಡ್ತಾರೆ?" ಅಂದರು. ನನಗಾಗ ಗೊತ್ತಿರಲಿಲ್ಲ. ಮಾವ ಈಗಿಲ್ಲ. ಉತ್ತರವನ್ನು ನಿಮ್ಮ ಮುಂದೆ ಹೇಳುತ್ತಿದ್ದೇನೆ.

ವಿಂಧ್ಯಗಿರಿಯ ಬುಡದಲ್ಲಿ ಡೋಲಿಯವರನ್ನು ನೋಡಿದ್ದೀರಿ. ವಯಸ್ಸಾದವರನ್ನು ಕೂರಿಸಿಕೊಂಡು ಒಂದೇ ಸಲ ಮೆಟ್ಟಿಲು ಹತ್ತುವುದಿಲ್ಲ. ಮೊದಲು ನೆಲದಲ್ಲೇ ಒಂದು ಗೇಣು ಎತ್ತಿ ನೋಡುತ್ತಾರೆ. ಭಾರ ಎಷ್ಟು, ಬಿದಿರು ಬಾಗುತ್ತದೆಯೇ, ಇವತ್ತು ಯಾರ ಹೆಗಲು ನೋಯುತ್ತಿದೆ, ಎಲ್ಲವೂ ಆ ಗೇಣಿನಲ್ಲಿ ಗೊತ್ತಾಗುತ್ತದೆ. ಒಲ್ಲೆ ಎನ್ನುವುದಿದ್ದರೆ ಅಲ್ಲೇ ಅನ್ನಬೇಕು. ಇನ್ನೂರು ಮೆಟ್ಟಿಲು ಹತ್ತಿದ ಮೇಲೆ ಒಲ್ಲೆ ಎಂದರೆ ಕೂತವರ ಗತಿಯೇನು?

ವಿಮಾನಕ್ಕೂ ಅಂಥದೊಂದು ಗೇಣು ಇದೆ. ರನ್‌ವೇ ಮೇಲೆ ಓಡುವಾಗ ಒಂದು ವೇಗ ಬರುತ್ತದೆ. ಪೈಲಟ್‌ಗಳು ಅದನ್ನು 'ವೀ ಒನ್' ಎಂದು ಗಟ್ಟಿಯಾಗಿ ಕೂಗುತ್ತಾರೆ. ದೊಡ್ಡ ವಿಮಾನಕ್ಕೆ ಗಂಟೆಗೆ ಸುಮಾರು 280 ಕಿ.ಮೀ. ಇರಬಹುದು. ತೂಕ, ಬಿಸಿಲು, ಗಾಳಿ, ರನ್‌ವೇಯ ಉದ್ದ ನೋಡಿ ಪ್ರತಿ ಹಾರಾಟಕ್ಕೂ ಹೊಸದಾಗಿ ಲೆಕ್ಕ ಹಾಕುತ್ತಾರೆ. ಆ ಕೂಗಿಗೆ ಮುಂಚೆ ಎಂಜಿನ್ ಕೆಟ್ಟರೆ ಬ್ರೇಕು ಒತ್ತಿ ನಿಲ್ಲಿಸಬಹುದು. ಕೂಗಾದ ಮೇಲೆ ನಿಲ್ಲಿಸಲು ಹೋದರೆ ರನ್‌ವೇ ಸಾಲದು. ಒಂದು ಎಂಜಿನ್ ಸತ್ತಿದ್ದರೂ ಇನ್ನೊಂದರ ಮೇಲೆ ಭಾರ ಹಾಕಿ ಏರಲೇಬೇಕು. ಕ್ಯಾಪ್ಟನ್ ಅಲ್ಲಿಯವರೆಗೆ ಥ್ರಾಟಲ್ ಮೇಲೆ ಇಟ್ಟಿದ್ದ ಕೈಯನ್ನು ಆ ಕೂಗು ಕೇಳಿದೊಡನೆ ತೆಗೆಯುತ್ತಾರೆ. ಕೈ ಅಲ್ಲೇ ಇದ್ದರೆ ಹಿಂದಕ್ಕೆ ಎಳೆಯುವ ಮನಸ್ಸಾದೀತು ಅಂತ.

ಆ ಗೆರೆಯ ಈಚೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಯವರದೇ ಉದಾಹರಣೆ ಇದೆ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಕಡಿಮೆ ದರದ ವಿಮಾನ ಕಂಪನಿ ಏರ್ ಡೆಕ್ಕನ್ ಶುರು ಮಾಡಿದ್ದು 2003ರಲ್ಲಿ. ಆ ವರ್ಷ ಸೆಪ್ಟೆಂಬರಿನಲ್ಲಿ ಹೈದರಾಬಾದಿನಿಂದ ವಿಜಯವಾಡಕ್ಕೆ ಉದ್ಘಾಟನೆಯ ಹಾರಾಟ, ಒಳಗೆ ವೆಂಕಯ್ಯ ನಾಯ್ಡು ಅವರಂಥ ಗಣ್ಯರು. ನೆಲ ಬಿಡುವ ಮೊದಲೇ ಎಂಜಿನ್ ಬಳಿ ಬೆಂಕಿ ಕಾಣಿಸಿತು. ವಿಮಾನ ನಿಲ್ಲಿಸಿ ಎಲ್ಲರನ್ನೂ ಇಳಿಸಿದರು, ಯಾರಿಗೂ ಏನೂ ಆಗಲಿಲ್ಲ. ಹೊಸ ಕಂಪನಿಗೆ ಇದಕ್ಕಿಂತ ಅವಮಾನ ಬೇಕೇ ಎಂದು ಜನ ಆಡಿಕೊಂಡರು. ನನ್ನಂಥವನ ಕಣ್ಣಿಗೆ ಮಾತ್ರ ಅದು ಸರಿಯಾಗಿ ಮುಗಿದ ಹಾರಾಟ.

ಗೆರೆಯ ಆಚೆಯದು ನಿಮಗೆಲ್ಲ ಗೊತ್ತಿರುವ ದುಃಖ. 2004ರ ಏಪ್ರಿಲ್ 17, ಶನಿವಾರ ಬೆಳಿಗ್ಗೆ. ನಟಿ ಸೌಂದರ್ಯ ಚುನಾವಣಾ ಪ್ರಚಾರಕ್ಕೆ ಕರೀಂನಗರಕ್ಕೆ ಹೊರಟಿದ್ದರು. 'ದ್ವೀಪ' ನಿರ್ಮಿಸಿ, ಅದರಲ್ಲಿ ನಟಿಸಿ, ಸ್ವರ್ಣಕಮಲ ತಂದುಕೊಟ್ಟ ನಮ್ಮ ಮುಳಬಾಗಿಲು ಸೀಮೆಯ ಹೆಣ್ಣುಮಗಳು. ಬೆಂಗಳೂರಿನ ಜಕ್ಕೂರಿನಿಂದ ಮೇಲೆದ್ದ ಒಂಟಿ ಎಂಜಿನ್ನಿನ ಸೆಸ್ನಾ 180 ಸ್ವಲ್ಪ ಎತ್ತರ ಏರಿದ್ದಷ್ಟೇ, ಪಕ್ಕದ ಜಿಕೆವಿಕೆ ಆವರಣದಲ್ಲಿ ಬಿದ್ದು ಹತ್ತಿ ಉರಿಯಿತು. ಸಹೋದರ ಅಮರನಾಥ್ ಸೇರಿ ಒಳಗಿದ್ದ ನಾಲ್ವರೂ ಉಳಿಯಲಿಲ್ಲ. ನಾನು ಅವತ್ತು ಡ್ಯೂಟಿಯಲ್ಲಿದ್ದೆ. ಸುದ್ದಿ ಬಂದಾಗ ಹ್ಯಾಂಗರಿನಲ್ಲಿ ಯಾರೂ 'ಅಯ್ಯೋ ಸೌಂದರ್ಯ' ಎನ್ನಲಿಲ್ಲ. ಮೊದಲು ಬಂದ ಪ್ರಶ್ನೆ, 'ಎಷ್ಟು ಎತ್ತರದಲ್ಲಿತ್ತಂತೆ?' ಕಟುಕರು ಅಂದುಕೊಳ್ಳಬೇಡಿ, ನಮ್ಮ ಕಸುಬಿನವರು ಅಳುವ ರೀತಿ ಅದು.

ಎತ್ತರ ಯಾಕೆ ಮುಖ್ಯ? ಹಾರುವವನಿಗೆ ಎತ್ತರ ಎಂದರೆ ಗಂಟಿನಲ್ಲಿರುವ ದುಡ್ಡು. ಮೂವತ್ತು ಸಾವಿರ ಅಡಿಯಲ್ಲಿ ಎಂಜಿನ್ ನಿಂತರೆ ಜಾರಿಕೊಂಡು ನೂರು ಕಿಲೋಮೀಟರು ಹೋಗಬಹುದು, ಪುಸ್ತಕ ತೆಗೆದು ಓದಬಹುದು, ಮತ್ತೆ ಚಾಲೂ ಮಾಡಲು ನೋಡಬಹುದು. ವಿಂಧ್ಯಗಿರಿಯ ಅರ್ಧ ಎತ್ತರದಲ್ಲಿ ನಿಂತರೆ ಕೈಯಲ್ಲಿರುವುದು ಕೆಲವೇ ಸೆಕೆಂಡು. ಆಗ ಪೈಲಟ್ಟಿನ ಮನಸ್ಸು ಹಿಂದಕ್ಕೆ ಎಳೆಯುತ್ತದೆ, ಬೆನ್ನ ಹಿಂದೆಯೇ ರನ್‌ವೇ ಇದೆಯಲ್ಲ. ತಿರುಗಿಸುತ್ತಾನೆ. ತಿರುಗುವಾಗ ರೆಕ್ಕೆಗೆ ಭಾರ ಹೆಚ್ಚುತ್ತದೆ, ವೇಗ ಕರಗುತ್ತದೆ, ರೆಕ್ಕೆಯ ಮೇಲಿನ ಗಾಳಿಯ ಹಿಡಿತ ತಪ್ಪುತ್ತದೆ, ವಿಮಾನ ಕಲ್ಲಿನಂತೆ ಬೀಳುತ್ತದೆ. ಇದಕ್ಕೆ ಸ್ಟಾಲ್ ಎನ್ನುತ್ತಾರೆ. ಒಂಟಿ ಎಂಜಿನ್ ಕಲಿಯುವ ಹುಡುಗರಿಗೆ ಮೊದಲ ತಿಂಗಳೇ ಬಾಯಿಪಾಠ ಮಾಡಿಸುವುದು ಇದನ್ನೇ: ತಿರುಗಬೇಡ, ಮೂತಿ ತಗ್ಗಿಸು, ಎದುರಿಗೆ ಸಿಕ್ಕ ಬಯಲಿಗೆ ಇಳಿಸು. ಎದುರಿಗೆ ಬಯಲು ಉಳಿದಿರಬೇಕಲ್ಲ, ಅದು ಬೇರೆ ಮಾತು. ನಗರದ ನಡುವೆ ಸಿಕ್ಕಿಕೊಂಡ ಏರ್‌ಫೀಲ್ಡುಗಳಿಗೆ ಅಪಾರ್ಟ್‌ಮೆಂಟುಗಳೇ ಬಯಲು.

ನಮ್ಮ ಮೈಸೂರು ಸೀಮೆಗೆ ಇನ್ನೊಂದು ತೊಡಕಿದೆ. ನಾವು ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಮೇಲೆ ಬದುಕುತ್ತಿರುವವರು. ಇಲ್ಲಿಯ ಗಾಳಿ ಮೊದಲೇ ತೆಳು. ಏಪ್ರಿಲ್ ಬಿಸಿಲು 33 ಡಿಗ್ರಿ ಮುಟ್ಟಿದರೆ ಇನ್ನಷ್ಟು ತೆಳುವಾಗುತ್ತದೆ. ಲೆಕ್ಕ ಹಾಕಿದರೆ ಬೆಂಗಳೂರಿನ ನೆಲದಲ್ಲಿ ನಿಂತ ವಿಮಾನಕ್ಕೆ ಸುಮಾರು 5,900 ಅಡಿಯಲ್ಲಿ ನಿಂತ ಹಾಗೆ, ಹೆಚ್ಚುಕಡಿಮೆ ಮುಳ್ಳಯ್ಯನಗಿರಿಯ ತುದಿ. ರೆಕ್ಕೆಗೆ, ಎಂಜಿನ್ನಿಗೆ, ಪ್ರೊಪೆಲರಿಗೆ ಮೂರಕ್ಕೂ ಸಮುದ್ರತೀರದಲ್ಲಿ ಸಿಗುವ ಗಾಳಿಗಿಂತ ಆರನೇ ಒಂದು ಪಾಲು ಕಡಿಮೆ. ಹಾಗಾಗಿ ಹೆಚ್ಚು ಓಡಬೇಕು, ನಿಧಾನವಾಗಿ ಏರಬೇಕು. ದೇವನಹಳ್ಳಿಯ ರನ್‌ವೇಗಳು ನಾಲ್ಕು ಸಾವಿರ ಮೀಟರ್ ಉದ್ದ ಇರುವುದು ಬರೀ ದೌಲತ್ತಿಗಲ್ಲ.

ಓಟ ಸಾಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಔರಂಗಾಬಾದಿಗೆ ಹೋಗೋಣ. 1993ರ ಏಪ್ರಿಲ್ 26, ಅದೂ ಬೇಸಿಗೆ. ತುಂಬಿದ ಇಂಡಿಯನ್ ಏರ್‌ಲೈನ್ಸ್ ಬೋಯಿಂಗ್ 737 ತಡವಾಗಿ ಮೂತಿ ಎತ್ತಿತು, ರನ್‌ವೇಯ ಕೊನೆಯಲ್ಲಿ ನೆಲ ಬಿಟ್ಟಿತು. ಬೇಲಿಯಾಚೆಯ ರಸ್ತೆಯಲ್ಲಿ ಹತ್ತಿಯ ಮೂಟೆ ಏರಿಸಿಕೊಂಡು ಒಂದು ಲಾರಿ ಹೋಗುತ್ತಿತ್ತು. ವಿಮಾನದ ಚಕ್ರ ಮೂಟೆಗೆ ಬಡಿಯಿತು. ಮುಂದೆ ವಿದ್ಯುತ್ ತಂತಿಗೆ ಸಿಕ್ಕಿ ಬಿತ್ತು. 118 ಜನರಲ್ಲಿ 55 ಜನ ಸತ್ತರು. ತನಿಖೆ ಪೈಲಟ್‌ಗಳ ತಪ್ಪನ್ನೂ ಹೇಳಿತು, ಆ ರಸ್ತೆಯ ಸಂಚಾರ ತಡೆಯದವರ ತಪ್ಪನ್ನೂ ಹೇಳಿತು. ಹತ್ತಿ ಮೂಟೆ ಇನ್ನೊಂದು ಸಾಲು ಕಡಿಮೆ ಪೇರಿಸಿದ್ದರೆ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಲಾರಿಯವನದು ಏನು ತಪ್ಪು? ಅವನು ತನ್ನ ರಸ್ತೆಯಲ್ಲಿ ತಾನು ಹೋಗುತ್ತಿದ್ದ.

ಲೆಕ್ಕದ ವಿಷಯ ಬಂತು. 2009ರ ಮಾರ್ಚ್ 20ರಂದು ಮೆಲ್ಬರ್ನ್‌ನಲ್ಲಿ ಎಮಿರೇಟ್ಸ್ ವಿಮಾನದ ತೂಕವನ್ನು 362.9 ಟನ್ ಎಂದು ಒತ್ತುವ ಕಡೆ 262.9 ಎಂದು ಒತ್ತಿದರು. ಒಂದೇ ಅಂಕಿ. ಕಂಪ್ಯೂಟರು ಪಾಪ ಕೊಟ್ಟಿದ್ದನ್ನು ನಂಬಿ, ನೂರು ಟನ್ ಹಗುರ ವಿಮಾನಕ್ಕೆ ಎಷ್ಟು ಬೇಕೋ ಅಷ್ಟು ಶಕ್ತಿ ಲೆಕ್ಕ ಮಾಡಿ ಕೊಟ್ಟಿತು. ಬಾಲ ನೆಲಕ್ಕೆ ಉಜ್ಜಿತು, ರನ್‌ವೇ ಮುಗಿದರೂ ಚಕ್ರ ಮೇಲೇಳಲಿಲ್ಲ, ತುದಿಯ ದೀಪ ಮುರಿಯಿತು. ಕ್ಯಾಪ್ಟನ್ ಕೊನೆಗಳಿಗೆಯಲ್ಲಿ ಪೂರ್ತಿ ಶಕ್ತಿ ಕೊಟ್ಟಿದ್ದರಿಂದ 275 ಜನ ಬದುಕಿದರು. ಮ್ಯಾಡ್ರಿಡ್‌ನವರಿಗೆ ಆ ಅದೃಷ್ಟ ಇರಲಿಲ್ಲ. 2008ರ ಆಗಸ್ಟ್ 20ರಂದು ಸ್ಪ್ಯಾನ್‌ಏರ್ ವಿಮಾನ ಒಂದು ಸಣ್ಣ ದೋಷಕ್ಕೆ ಒಮ್ಮೆ ಹಿಂದಿರುಗಿ, ತಡವಾಗಿ, ಅವಸರದಲ್ಲಿ ಹೊರಟಿತು. ಏರುವಾಗ ರೆಕ್ಕೆಯನ್ನು ಅಗಲಿಸುವ ಫ್ಲ್ಯಾಪ್ ಇಳಿಸುವುದು ಮರೆತುಹೋಯಿತು, ಎಚ್ಚರಿಸಬೇಕಾದ ಗಂಟೆಯೂ ಬಾರಿಸಲಿಲ್ಲ. ಸತ್ತವರು 154.

ಈಗ ನನ್ನದೇ ಕತೆ ಹೇಳಬೇಕು. ದತ್ತಿ ಉಪನ್ಯಾಸದಲ್ಲಿ ಬೇರೆಯವರ ತಪ್ಪಷ್ಟೇ ಪಟ್ಟಿ ಮಾಡಿ ಹೋದರೆ ಈ ದತ್ತಿಯ ಮೇಷ್ಟ್ರು ಮೆಚ್ಚುತ್ತಿರಲಿಲ್ಲ. ವಿಮಾನದ ಮೂತಿಯಲ್ಲೋ ರೆಕ್ಕೆಯಡಿಯಲ್ಲೋ ಪೆನ್ನಿನಷ್ಟು ದಪ್ಪದ ಒಂದು ನಳಿಗೆ ಇರುತ್ತದೆ, ಪೀಟೋ ಎಂದು ಹೆಸರು. ಎದುರು ಗಾಳಿ ಅದರೊಳಗೆ ನುಗ್ಗುವ ಒತ್ತಡದಿಂದ ವೇಗ ಗೊತ್ತಾಗುವುದು. ವಿಮಾನ ನಿಂತಾಗ ಅದಕ್ಕೊಂದು ಗವುಸು ಹಾಕಿ ಕೆಂಪು ಪಟ್ಟಿ ಇಳಿಬಿಡಬೇಕು. ಒಮ್ಮೆ ಒಂದು ಚಿಕ್ಕ ಏರ್‌ಸ್ಟ್ರಿಪ್‌ನಲ್ಲಿ, ದಸರಾ ರಜೆಗೆ ಊರಿಗೆ ಹೊರಟ ಸಂಭ್ರಮದಲ್ಲಿ, ಗವುಸು ಹಾಕದೆ ಬಸ್ಸು ಹತ್ತಿದೆ. ನಾಲ್ಕು ದಿನ ಬಿಟ್ಟು ಬಂದಾಗ ಪೈಲಟ್ ಆಗಲೇ ಗಡಿಯಾರ ನೋಡುತ್ತಿದ್ದರು. ನಾನು ಪೆನ್ನು ತೆಗೆದೆ. ಚಕ್ರಕ್ಕೆ ಕಟ್ಟೆ ಇಡುವ ಹುಡುಗ, "ಸಾರ್, ಇಲ್ಲಿ ಮಣ್ಣು ಮೆತ್ಕೊಂಡೈತೆ" ಅಂದ. ಬಗ್ಗಿ ನೋಡಿದರೆ ನಳಿಗೆಯ ಬಾಯಿಗೆ ಕೆಮ್ಮಣ್ಣಿನ ಬಿರಡೆ. ತೆಳು ತಂತಿ ಹಾಕಿ ಎಳೆದೆ. ಪುಡಿ ಮಣ್ಣಿನ ಜೊತೆ ನಾಲ್ಕೈದು ಹಸಿರು ಹುಳ ಅಂಗೈಗೆ ಬಿದ್ದವು. ನಮ್ಮ ಮನೆಗಳ ಬೀಗದ ಕಿಂಡಿಯಲ್ಲಿ ಗೂಡು ಕಟ್ಟುತ್ತದಲ್ಲ, ಅದೇ ಕುಂಬಾರ ಹುಳ ಮರಿಗೆ ಬುತ್ತಿ ಇಟ್ಟು ಬಾಗಿಲು ಮುಚ್ಚಿತ್ತು. 1996ರ ಫೆಬ್ರುವರಿ 6ರಂದು ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಬರ್ಗನ್‌ಏರ್ ಬೋಯಿಂಗ್ 757 ಏರಿದ ಸ್ವಲ್ಪ ಹೊತ್ತಿಗೆ ಸಮುದ್ರಕ್ಕೆ ಬಿದ್ದು 189 ಜನ ಸತ್ತದ್ದಕ್ಕೆ ಇಂಥದೇ ಹುಳದ ಗೂಡು ಕಾರಣವಿರಬೇಕೆಂದು ತನಿಖೆ ಹೇಳಿತು. ಅಲ್ಲಿಯ ಕ್ಯಾಪ್ಟನ್ ರನ್‌ವೇ ಮೇಲೆ ಓಡುವಾಗಲೇ ತನ್ನ ವೇಗಮಾಪಕ ಕೆಲಸ ಮಾಡುತ್ತಿಲ್ಲ ಎಂದು ಕಂಡುಕೊಂಡಿದ್ದರು. ನಿಲ್ಲಿಸಲಿಲ್ಲ. ನನ್ನನ್ನು ಆ ಹುಡುಗ ನಿಲ್ಲಿಸಿದ. ಅವತ್ತು ಸಂಜೆ ಅವನಿಗೆ ಮಸಾಲೆ ದೋಸೆ ಕೊಡಿಸಿದೆ, ಅದಕ್ಕಿಂತ ದೊಡ್ಡ ಬಹುಮಾನ ಕೊಡಲು ನಾಚಿಕೆಯಾಯಿತು.

ಬೆಂಗಳೂರಿನಲ್ಲಿ ಎಚ್‌ಎಎಲ್ ಕಡೆ ಹೋದವರು ಸುರಂಜನ್ ದಾಸ್ ರಸ್ತೆಯಲ್ಲಿ ಟ್ರಾಫಿಕ್ಕಿಗೆ ಸಿಕ್ಕಿಕೊಂಡಿರುತ್ತೀರಿ. ಯಾರವರು ಎಂದು ಕೇಳಿದರೆ ಹತ್ತರಲ್ಲಿ ಒಬ್ಬರೂ ಹೇಳುವುದಿಲ್ಲ. ಭಾರತದಲ್ಲೇ ತಯಾರಾದ ಮೊದಲ ಜೆಟ್ ಯುದ್ಧವಿಮಾನ ಮಾರುತ್. ಅದನ್ನು 1961ರ ಜೂನ್ 17ರಂದು ಮೊದಲು ಹಾರಿಸಿದ ಪೈಲಟ್ ಸುರಂಜನ್ ದಾಸ್. 1970ರ ಜನವರಿ 10ರಂದು ಅದರ ಸುಧಾರಿತ ಮಾದರಿಯನ್ನು ಹಾರಿಸಲು ಹೋಗಿ ಟೇಕಾಫ್‌ನಲ್ಲೇ ತೀರಿಕೊಂಡರು. ಅದೇ ಎಚ್‌ಎಎಲ್ ರನ್‌ವೇಯಲ್ಲಿ 2019ರ ಫೆಬ್ರುವರಿ 1ರಂದು ಮಿರಾಜ್ 2000 ಏರುವ ಹೊತ್ತಿಗೆ ಅಪಘಾತವಾಗಿ ಸ್ಕ್ವಾಡ್ರನ್ ಲೀಡರ್‌ಗಳಾದ ಸಮೀರ್ ಅಬ್ರೋಲ್, ಸಿದ್ಧಾರ್ಥ ನೇಗಿ ಹೋದರು. ಪರೀಕ್ಷೆಗೆಂದು ಹಾರುವವರು ನಮ್ಮ ಸಹಿಯನ್ನು ನಂಬಿ ಕೂರುವವರು.

ಅಹಮದಾಬಾದಿನ ಬಗ್ಗೆ ಹೇಳದೆ ಇಳಿದರೆ ನೀವು ಬಿಡುವುದಿಲ್ಲ. 2025ರ ಜೂನ್ 12, ಮಧ್ಯಾಹ್ನ 1.38. ಲಂಡನ್ನಿಗೆ ಹೊರಟ ಏರ್ ಇಂಡಿಯಾ 171 ನೆಲ ಬಿಟ್ಟು ಸುಮಾರು ಅರ್ಧ ನಿಮಿಷದಲ್ಲಿ ವೈದ್ಯಕೀಯ ಕಾಲೇಜಿನ ಹಾಸ್ಟೆಲ್ ಮೇಲೆ ಬಿತ್ತು. ಒಳಗಿದ್ದ 242 ಜನರಲ್ಲಿ ಉಳಿದವರು ಒಬ್ಬರು. ನೆಲದ ಮೇಲೆ 19 ಜನ ಸತ್ತರು. ಒಂದು ತಿಂಗಳಿಗೆ ಬಂದ ಪ್ರಾಥಮಿಕ ವರದಿ ಹೇಳಿದ್ದು ಇಷ್ಟು: ನೆಲ ಬಿಟ್ಟ ಕೂಡಲೇ ಎರಡೂ ಎಂಜಿನ್‌ಗಳ ಇಂಧನದ ಸ್ವಿಚ್ಚುಗಳು ಒಂದರ ಹಿಂದೊಂದು, ಒಂದು ಸೆಕೆಂಡಿನ ಅಂತರದಲ್ಲಿ, ಬಂದ್ ಸ್ಥಾನಕ್ಕೆ ಹೋದವು. ಯಾಕೆ ಬಂದ್ ಮಾಡಿದೆ ಎಂದು ಒಬ್ಬ ಪೈಲಟ್ ಕೇಳಿದರು, ನಾನು ಮಾಡಲಿಲ್ಲ ಎಂದು ಇನ್ನೊಬ್ಬರು ಹೇಳಿದರು. ಮತ್ತೆ ಚಾಲೂ ಸ್ಥಾನಕ್ಕೆ ತಂದರೂ ಎಂಜಿನ್ನು ಚೇತರಿಸಿಕೊಳ್ಳುವಷ್ಟು ಎತ್ತರ ಇರಲಿಲ್ಲ. ಆ ಎರಡು ವಾಕ್ಯ ಹಿಡಿದುಕೊಂಡು ನಮ್ಮ ಟಿ.ವಿ.ಗಳು ಸತ್ತವರ ಮನೆ ಬಾಗಿಲಿನಲ್ಲೇ ತೀರ್ಪು ಬರೆದವು. ಪ್ರಾಥಮಿಕ ವರದಿ ಎಂಬುದು ಪಂಚನಾಮೆ, ತೀರ್ಪಲ್ಲ. ಇದನ್ನು ಪತ್ರಕರ್ತರಿಗೆ ಹೇಳಿಕೊಡಬೇಕಾದ ಕಾಲ ಬಂತಲ್ಲ ಎಂಬುದೇ ನನ್ನ ಸಿಟ್ಟು.

ಒಂದು ಮಾತು ಮರೆಯಬಾರದು. ನಮ್ಮ ರಾಜ್ಯದಲ್ಲಿ ಹೆಚ್ಚು ಜೀವ ತೆಗೆದ ಎರಡು ಅಪಘಾತಗಳು, 1990ರ ಬೆಂಗಳೂರಿನದು, 2010ರ ಮಂಗಳೂರಿನದು, ಎರಡೂ ಇಳಿಯುವಾಗ ಆದವು. ಏರುವುದೇ ಅಪಾಯ, ಇಳಿಯುವುದು ಸಲೀಸು ಎಂದು ನಾನು ಹೇಳುತ್ತಿಲ್ಲ. ಏರುವಾಗಿನ ಅಪಘಾತಗಳಲ್ಲಿ ನಾನು ಕಂಡದ್ದು ಇದು: ಬಹುಪಾಲು ಕಾರಣಗಳು ಎಂಜಿನ್ ಚಾಲೂ ಆಗುವ ಮೊದಲೇ ನೆಲದ ಮೇಲೆ ಬಿದ್ದಿರುತ್ತವೆ, ಯಾರಾದರೂ ಬಗ್ಗಿ ನೋಡಿದರೆ ಕಾಣುವ ಹಾಗೆ. ಪ್ಯಾರಿಸ್ಸಿನಲ್ಲಿ 2000ದ ಜುಲೈ 25ರಂದು ಕಾಂಕಾರ್ಡ್ ಉರಿದು 113 ಜನ ಸತ್ತದ್ದು, ಹಿಂದಿನ ವಿಮಾನದಿಂದ ರನ್‌ವೇ ಮೇಲೆ ಉದುರಿದ್ದ ಒಂದು ಲೋಹದ ಪಟ್ಟಿಯಿಂದ.

ಹಾಗಾಗಿ ಕೊನೆಯ ಮಾತು ನಮ್ಮ ಜಿಲ್ಲೆಯ ನೆಲದ್ದೇ. ಹಾಸನದ ಬೂವನಹಳ್ಳಿಯ ವಿಮಾನ ನಿಲ್ದಾಣ, ದೇವೇಗೌಡರ ಕನಸೆಂದು ನಾವು ವರ್ಷಗಳಿಂದ ಮಾತಾಡಿಕೊಂಡು ಬಂದದ್ದು. ಟರ್ಮಿನಲ್ಲಿಗೆ ಯಾರ ಹೆಸರು ಎಂಬ ಜಗಳ ಆಮೇಲೆ ಮಾಡೋಣ. ವಿಮಾನ ನಿಲ್ದಾಣದಿಂದ ಹತ್ತು ಕಿಲೋಮೀಟರಿನೊಳಗೆ ಪ್ರಾಣಿ ಕಡಿಯುವುದಾಗಲಿ ಕಸ ಸುರಿಯುವುದಾಗಲಿ ಕೂಡದು ಎಂದು 1937ರ ವಿಮಾನ ನಿಯಮಗಳೇ ಹೇಳಿದ್ದವು. ಏರ್ ಷೋ ಬಂದಾಗ ಯಲಹಂಕದ ಸುತ್ತ ಮಾಂಸದಂಗಡಿ ಮುಚ್ಚಿಸುವುದು ಇದಕ್ಕೇ. ಕೋಳಿ ಅಂಗಡಿಯ ಕರುಳು ಬಿದ್ದಲ್ಲಿ ಹದ್ದು ಸುತ್ತುತ್ತದೆ, ಹದ್ದು ಎಂಜಿನ್ನಿಗೆ ಹೋಗುತ್ತದೆ. ಹಾಸನದ ಸುತ್ತ ರಸ್ತೆಬದಿಯಲ್ಲಿ ಆ ಚೀಲಗಳನ್ನು ನಾನು ಇವತ್ತು ಬೆಳಿಗ್ಗೆ ಬರುವಾಗಲೂ ನೋಡಿದೆ. ಬೂವನಹಳ್ಳಿ ಸುತ್ತಲ ಪಂಚಾಯಿತಿಗಳ ಸದಸ್ಯರು ಇಲ್ಲಿ ಯಾರಾದರೂ ಇದ್ದರೆ, ದಯವಿಟ್ಟು ಮುಂದಿನ ಸಭೆಯಲ್ಲಿ ಆ ಚೀಲ ಎಲ್ಲಿಗೆ ಹೋಗಬೇಕು ಎಂಬುದನ್ನು ತೀರ್ಮಾನ ಮಾಡಿ, ನಡಾವಳಿ ಪುಸ್ತಕದಲ್ಲಿ ಬರೆಸಿ.