ದೇಶಸೇವೆಯಲ್ಲಿ ಭಗಿನಿಯರು
(ಶತಮಾನೋತ್ಸವದ ಅಂಗವಾಗಿ ಜರುಗಿದ ಮಹಿಳಾ ಸಭೆಯಲ್ಲಿ ಮಾಡಿದ ಭಾಷಣ)



ಈ ಉತ್ಸವದ ಸಂದರ್ಭದಲ್ಲಿ ನಮ್ಮ ಸೀಮೆಯ ನಿವೃತ್ತ ಯೋಧರನ್ನು ಕರೆದು ಸನ್ಮಾನಿಸಬೇಕೆಂದು ನಮ್ಮ ಸ್ತ್ರೀಯರ ಸಂಘವು ನಿಶ್ಚಯಿಸಿರುವುದು ತುಂಬ ಸಂತೋಷದ ಸಂಗತಿ. ಹಾವೇರಿಯೆಂದ ಮೇಲೆ ಏಲಕ್ಕಿ ಹಾರವಿಲ್ಲದೆ ಸನ್ಮಾನವುಂಟೆ? ದಿಲ್ಲಿಯಿಂದ ಬಂದ ಮಂತ್ರಿಗಳ ಕೊರಳಿಗೂ ನಮ್ಮೂರಿನ ಪಟವೇಗಾರರ ಕೈಯಿಂದಾದ ಹಾರವೇ ಬೀಳುತ್ತದೆ. ಯೋಧರ ಕೊರಳಿಗೂ ಅದು ಬೀಳಲಿ. ಆದರೆ ಹಾರ ಹಾಕಿ, ಶಾಲು ಹೊದಿಸಿ, ಛಾಯಾಚಿತ್ರ ತೆಗೆಸಿಕೊಂಡ ಮರುದಿನ ಆ ಯೋಧನ ಮನೆಯಲ್ಲಿ ಏನು ನಡೆಯುತ್ತದೆಂಬುದನ್ನು ನಾವು ಸಾಮಾನ್ಯವಾಗಿ ವಿಚಾರಿಸುವುದಿಲ್ಲ. ಇಂದು ನಿಮ್ಮ ಮುಂದೆ ನಾವು ಹೇಳಬಯಸುವುದು ಆ ಮರುದಿನದ ಮಾತನ್ನು. ಅದನ್ನು ನಮಗೆ ಕಲಿಸಿಕೊಟ್ಟವರು ದೂರದವರಲ್ಲ. ಇಲ್ಲಿಂದ ರೈಲು ಹತ್ತಿದರೆ ಕೆಲವೇ ಗಂಟೆಗಳಲ್ಲಿ ಸಿಗುವ ಹುಬ್ಬಳ್ಳಿಯ ಹೆಣ್ಣುಮಕ್ಕಳು. ಅವರ ಸಂಸ್ಥೆಯ ಹೆಸರು ಭಗಿನಿ ಮಂಡಳ. ಭಗಿನಿಯೆಂದರೆ ಸಹೋದರಿ, ನಮ್ಮಲ್ಲಿ ಕನ್ಯಾಮಠದವರನ್ನು ಕರೆಯುವ ಶಬ್ದವೂ ಇದೇ ಆದುದರಿಂದ ನಿಮ್ಮ ಕಿವಿಗೆ ಅದು ಹೊಸದೆನಿಸಲಾರದು.

ಈ ಮಂಡಳದ ಪ್ರಾಣವಾಗಿದ್ದವರು ಶ್ರೀಮತಿ ಉಮಾಬಾಯಿ ಕುಂದಾಪುರ. 1892ರಲ್ಲಿ ಮಂಗಳೂರಿನಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ವಿವಾಹವಾಯಿತು. ಮಾವ ಆನಂದರಾಯರು ಆ ಕಾಲಕ್ಕೆ ಅಪರೂಪದ ವ್ಯಕ್ತಿ. ಸೊಸೆಯನ್ನು ಓದಿಸಿ, ಮೆಟ್ರಿಕ್ ಪರೀಕ್ಷೆಗೆ ಕೂಡಿಸಿ, ಮುಂಬಯಿಯ ಮಹಿಳಾ ಸಮಾಜದಲ್ಲಿ ಕೆಲಸಮಾಡಲು ಉತ್ತೇಜನ ಕೊಟ್ಟವರು ಅವರೇ. 1923ರಲ್ಲಿ ಉಮಾಬಾಯಿಯವರ ಪತಿ ತೀರಿಕೊಂಡರು. ಅಂದಿನ ಸಮಾಜದಲ್ಲಿ ವಿಧವೆಯಾದವಳ ಬಾಳು ಮನೆಯ ಮೂಲೆಯೊಂದರಲ್ಲಿ ಮುಗಿಯುತ್ತಿದ್ದ ದಿನಗಳವು. ಆನಂದರಾಯರು ಸೊಸೆಯನ್ನು ಕರೆದುಕೊಂಡು ಹುಬ್ಬಳ್ಳಿಗೆ ಬಂದು ನೆಲೆಸಿದರು. ಅಲ್ಲಿ ಕರ್ನಾಟಕ ಮುದ್ರಣಾಲಯ ನಡೆಯಿತು. ತಿಲಕ ಕನ್ಯಾಶಾಲೆಯ ಹೊಣೆ ಉಮಾಬಾಯಿಯವರ ಪಾಲಿಗೆ ಬಂದಿತು. ಭಗಿನಿ ಮಂಡಳವೂ ಬೆಳೆಯಿತು. ಅದೇ ಊರಿನಲ್ಲಿ ಡಾಕ್ಟರ್ ನಾ. ಸು. ಹರ್ಡೀಕರರು ಹಿಂದುಸ್ತಾನಿ ಸೇವಾದಳವನ್ನು ಕಟ್ಟುತ್ತಿದ್ದರು. ಅದರ ಮಹಿಳಾ ವಿಭಾಗಕ್ಕೆ ಉಮಾಬಾಯಿಯವರೇ ಮುಖ್ಯಸ್ಥೆಯಾದರು.

1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿಯವರು ತಮ್ಮ ಜೀವಮಾನದಲ್ಲಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನವದು. ಅಲ್ಲಿಯ ಸೇವೆಗಾಗಿ ಉಮಾಬಾಯಿಯವರು ಪ್ರಾಂತವನ್ನೆಲ್ಲ ಸುತ್ತಿ 150ಕ್ಕೂ ಹೆಚ್ಚು ಮಂದಿ ಸ್ವಯಂಸೇವಿಕೆಯರನ್ನು ಕೂಡಿಸಿದರು. ಅವರಲ್ಲಿ ಸಂಪ್ರದಾಯಸ್ಥ ಮನೆತನಗಳ ಗೃಹಿಣಿಯರಿದ್ದರು, ವಿಧವೆಯರಿದ್ದರು. ಹೊಸ್ತಿಲು ದಾಟಿ ಅರಿಯದ ಹೆಣ್ಣುಮಗಳೊಬ್ಬಳನ್ನು ಪರವೂರಿನ ಸಭೆಗೆ ಕಳುಹಿಸಿಕೊಡಿರೆಂದು ಅವಳ ಅತ್ತೆಯನ್ನೂ ಮಾವನನ್ನೂ ಒಪ್ಪಿಸುವುದೆಂದರೆ ಎಷ್ಟು ಕಷ್ಟದ ಕೆಲಸವೆಂಬುದನ್ನು ಇಲ್ಲಿರುವ ತಾಯಂದಿರಿಗೆ ನಾವು ಹೇಳಬೇಕಾಗಿಲ್ಲ. ಸಂಘದ ಸಭೆಗೆ ಬಾರೆಂದು ಕರೆದರೆ ಇಂದಿಗೂ ನಮ್ಮ ಮನೆಗಳಲ್ಲಿ ಕೇಳಿಬರುವ ಉತ್ತರಗಳು ನಿಮಗೆ ಗೊತ್ತೇ ಇವೆ!

ಇಷ್ಟೇ ಆಗಿದ್ದರೆ ಇದೂ ಒಂದು ಉತ್ಸವದ ಕಥೆಯಾಗುತ್ತಿತ್ತು. ನಿಜವಾದ ಪರೀಕ್ಷೆ ಬಂದುದು 1932ರಲ್ಲಿ. ಆ ವರ್ಷ ಉಮಾಬಾಯಿಯವರನ್ನು ಬಂಧಿಸಿ ಯೆರವಡಾ ಸೆರೆಮನೆಯಲ್ಲಿ ನಾಲ್ಕು ತಿಂಗಳು ಇಟ್ಟರು. ಅವರು ಒಳಗಿದ್ದಾಗಲೇ, ತಂದೆಗಿಂತ ಹೆಚ್ಚಾಗಿದ್ದ ಮಾವ ಆನಂದರಾಯರು ಕಣ್ಣು ಮುಚ್ಚಿದರು. ಬಿಡುಗಡೆಯಾಗಿ ಹುಬ್ಬಳ್ಳಿಗೆ ಬಂದು ನೋಡಿದರೆ ಮುದ್ರಣಾಲಯವನ್ನು ಸರಕಾರ ವಶಪಡಿಸಿಕೊಂಡಿತ್ತು. ಕನ್ಯಾಶಾಲೆಗೆ ಮೊಹರು ಬಿದ್ದಿತ್ತು. ಭಗಿನಿ ಮಂಡಳವನ್ನು ಕಾನೂನುಬಾಹಿರ ಸಂಸ್ಥೆಯೆಂದು ಸಾರಲಾಗಿತ್ತು. ಉಳಿದುದು ಒಂದು ಚಿಕ್ಕ ಮನೆ. ಮಾವನವರ ನೆನಪನ್ನು ಉಳಿಸಿದ ಆ ಮನೆಯ ಹೆಸರು ‘ಆನಂದ ಸ್ಮೃತಿ’.

ಆ ಮನೆಯ ಬಾಗಿಲಿಗೆ ಬಂದವರು ಯಾರೆಂಬುದನ್ನು ಗಮನಿಸಿರಿ. ಸತ್ಯಾಗ್ರಹ ಮಾಡಿ ಸೆರೆಮನೆ ಸೇರಿದ್ದ ಅನೇಕ ಹೆಣ್ಣುಮಕ್ಕಳು ಬಿಡುಗಡೆಯಾದಾಗ ಹೋಗಲು ಅವರಿಗೆ ಜಾಗವಿರಲಿಲ್ಲ. ಊರಿಗೆ ಮರಳಲು ಕೈಯಲ್ಲಿ ಕಾಸಿರಲಿಲ್ಲ. ಜೈಲಿಗೆ ಹೋಗಿ ಬಂದವಳನ್ನು ಮನೆಯವರು ಒಳಗೆ ಕರೆದುಕೊಳ್ಳುವರೋ ಇಲ್ಲವೋ ಎಂಬ ಭಯ ಬೇರೆ. ಗಂಡಸರು ಬಿಡುಗಡೆಯಾದರೆ ಊರ ಬಾಗಿಲಿನಲ್ಲಿ ಮೆರವಣಿಗೆ ಕಾದಿರುತ್ತಿತ್ತು. ಇವರಿಗೆ ಕಾದಿದ್ದುದು ಸಂಶಯದ ನೋಟ. ಅಂಥವರಿಗೆ ಉಮಾಬಾಯಿಯವರು ಅನ್ನ ಹಾಕಿದರು, ಇರಲು ನೆರಳು ಕೊಟ್ಟರು, ಊರು ಸೇರುವ ಏರ್ಪಾಡನ್ನೂ ಮಾಡಿದರು. ಸಂಸ್ಥೆಯ ಹೆಸರನ್ನೇ ಸರಕಾರ ಅಳಿಸಿದ್ದರೂ ಸಂಸ್ಥೆಯ ಕೆಲಸ ನಿಂತಿರಲಿಲ್ಲ. ಯೋಧರ ಸನ್ಮಾನವೆಂದರೆ ಏನೆಂದು ಯಾರಾದರೂ ಕೇಳಿದರೆ ಆ ಚಿಕ್ಕ ಮನೆಯ ಅಡುಗೆಮನೆಯನ್ನು ತೋರಿಸುವೆವು.

ಇಲ್ಲಿ ನಮ್ಮವರೇ ಆದ ಒಬ್ಬ ತಾಯಿಯನ್ನು ನೆನೆಯದೆ ಮುಂದೆ ಹೋಗಲಾರೆವು. ಉಡುಪಿಯ ಸಮೀಪದ ಬೆಳ್ಳೆಯಲ್ಲಿ ಜನಿಸಿದ ಕಥೋಲಿಕ ದೇಶಭಕ್ತ ಜೋಕಿಂ ಆಳ್ವರು ನೆರೆಯ ಉತ್ತರ ಕನ್ನಡದಿಂದ ಲೋಕಸಭೆಗೆ ಆರಿಸಿ ಬಂದುದು ಹಿರಿಯರಲ್ಲಿ ಕೆಲವರಿಗೆ ನೆನಪಿರಬಹುದು. ಅವರ ಪತ್ನಿ ವಾಯ್ಲೆಟ್ ಆಳ್ವರು 1943ರಲ್ಲಿ ಬಂಧಿತರಾದಾಗ ಐದು ತಿಂಗಳ ಕೂಸನ್ನು ಎತ್ತಿಕೊಂಡೇ ಮುಂಬಯಿಯ ಆರ್ಥರ್ ರಸ್ತೆಯ ಸೆರೆಮನೆಯನ್ನು ಹೊಕ್ಕರು. ಮುಂದೆ 1962ರಿಂದ 1969ರವರೆಗೆ ಅವರು ರಾಜ್ಯಸಭೆಯ ಉಪಸಭಾಪತಿಗಳಾಗಿದ್ದರು. ಅವರ ಹೆಸರು ಉಳಿಯಿತು. ಆ ದಿನಗಳಲ್ಲಿ ಕೂಸಿನೊಡನೆ ಸೆರೆ ಸೇರಿ, ಹೊರಬಂದು, ಮತ್ತೆ ಒಲೆಯ ಮುಂದೆ ಕುಳಿತ ಉಳಿದ ತಾಯಂದಿರ ಹೆಸರುಗಳನ್ನು ಯಾರು ಬರೆದಿಟ್ಟರು?

1934ರ ಜನವರಿ 15ರಂದು ಬಿಹಾರದಲ್ಲಿ ಭೀಕರ ಭೂಕಂಪವಾಯಿತು. ಎಲ್ಲವನ್ನೂ ಕಳೆದುಕೊಂಡು ಎರಡು ವರ್ಷವೂ ಆಗಿರದ ಉಮಾಬಾಯಿಯವರು ಸ್ವಯಂಸೇವಕರ ತಂಡವನ್ನು ಕಟ್ಟಿಕೊಂಡು ಅಲ್ಲಿಗೆ ಧಾವಿಸಿ, ನಿರಾಶ್ರಿತರ ಶಿಬಿರಗಳಲ್ಲಿ ಹಗಲಿರುಳು ದುಡಿದರು. ಬಾಬು ರಾಜೇಂದ್ರ ಪ್ರಸಾದರ ಪರಿಚಯ ಅವರಿಗೆ ಆದುದು ಅಲ್ಲಿಯೇ. 1942ರ ಚಳುವಳಿ ಬಂದಾಗ ಆರೋಗ್ಯ ಕೆಟ್ಟಿದ್ದರೂ ಅದೇ ಮನೆ ಮತ್ತೆ ಆಸರೆಯಾಯಿತು. ಭೂಗತರಾದ ಕಾರ್ಯಕರ್ತರು ರಾತ್ರಿಯ ಹೊತ್ತು ಬಂದು ಉಂಡು, ಖರ್ಚಿಗೆ ಹಣ ಪಡೆದು, ಬೆಳಗಾಗುವ ಮುನ್ನ ಹೊರಟುಹೋಗುತ್ತಿದ್ದರು.

ಭೂಗತ ಕಾರ್ಯಕರ್ತರೆಂದ ಕೂಡಲೆ ನಮ್ಮ ಮನಸ್ಸು ತಾನಾಗಿ ನಮ್ಮ ನೆಲಕ್ಕೆ ಹಿಂದಿರುಗುತ್ತದೆ. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನಲ್ಲಿ 1911ರಲ್ಲಿ ಹುಟ್ಟಿದ ಮೈಲಾರ ಮಹಾದೇವಪ್ಪನವರು 1930ರ ದಾಂಡಿ ಯಾತ್ರೆಯಲ್ಲಿ ಗಾಂಧೀಜಿಯವರೊಡನೆ ಹೆಜ್ಜೆ ಹಾಕಿದರು. ಆಗ ಅವರಿಗೆ 18 ವರ್ಷ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಕಂದಾಯದ ಹಣವಿದ್ದ ಠಾಣ್ಯದ ಮೇಲೆ ನಡೆದ ದಾಳಿಯಲ್ಲಿ ಅವರೂ, ತಿರಕಪ್ಪ ಮಡಿವಾಳರೂ, ವೀರಯ್ಯ ಹಿರೇಮಠರೂ ಗುಂಡಿಗೆ ಬಲಿಯಾದರು. ಹಾವೇರಿಯ ವೀರಸೌಧ ಆ ಮೂವರ ಸ್ಮಾರಕ. ಇದು ನಮ್ಮ ಮಕ್ಕಳಿಗೂ ಗೊತ್ತಿದೆ. ಮಹಾದೇವಪ್ಪನವರ ಪತ್ನಿ ಸಿದ್ದಮ್ಮನವರ ಮಾತು ಕೇಳಿದರೆ ಮಾತ್ರ ಮಕ್ಕಳು ಮುಖ ಮುಖ ನೋಡುತ್ತಾರೆ. ಆಕೆ ಕೇವಲ ಹುತಾತ್ಮನ ಹೆಂಡತಿಯಲ್ಲ. ಗಂಡನ ಹಾದಿಯಲ್ಲಿ ಸಾಬರಮತಿ ಆಶ್ರಮಕ್ಕೆ ಹೋಗಿ ಇದ್ದವರು, ತಾವೂ ಸೆರೆವಾಸ ಅನುಭವಿಸಿದವರು. ಗಂಡನನ್ನು ಕಳೆದುಕೊಂಡಾಗ ಮಹಾದೇವಪ್ಪನವರಿಗೇ ವಯಸ್ಸು 31. ಆಕೆಯ ಮುಂದೆ ಇನ್ನೂ ಎಷ್ಟು ದೀರ್ಘವಾದ ಆಯುಷ್ಯ ಉಳಿದಿತ್ತೆಂಬುದನ್ನು ನೀವೇ ಊಹಿಸಿರಿ.

ಸ್ವಾತಂತ್ರ್ಯದ ಬೆಳ್ಳಿಹಬ್ಬದ ವರ್ಷವಾದ 1972ರಲ್ಲಿ ಕೇಂದ್ರ ಸರಕಾರವು ಸ್ವಾತಂತ್ರ್ಯ ಯೋಧರಿಗೆ ತಾಮ್ರಪತ್ರವನ್ನು ಕೊಟ್ಟು, ವೇತನವನ್ನೂ ಆರಂಭಿಸಿತು. ಅದು ಯೋಗ್ಯವಾದ ಕಾರ್ಯ. ಕನಿಷ್ಠ ಆರು ತಿಂಗಳ ಸೆರೆವಾಸಕ್ಕೆ ದಾಖಲೆ ಬೇಕೆಂಬುದು ಸಾಮಾನ್ಯ ನಿಯಮ. ಸ್ತ್ರೀಯರಿಗೆ ಮುಂದೆ ಅದನ್ನು ಮೂರು ತಿಂಗಳಿಗೆ ಇಳಿಸಲಾಯಿತು. ಸರಕಾರ ದಾಖಲೆಯಿಲ್ಲದೆ ಹಣ ಕೊಡಲಾರದು, ಸರಿ. ಆದರೆ ನಡುರಾತ್ರಿ ಬಾಗಿಲು ತಟ್ಟಿದವನಿಗೆ ರೊಟ್ಟಿ ಬಡಿದು ಕೊಟ್ಟು, ಬೆಳಿಗ್ಗೆ ಪೋಲೀಸರು ಬಂದಾಗ ಏನೂ ಅರಿಯದವಳಂತೆ ಅಂಗಳ ಸಾರಿಸುತ್ತಿದ್ದ ಹೆಂಗಸಿಗೆ ಯಾವ ಸೆರೆಮನೆಯ ದಾಖಲೆ ಇದ್ದೀತು? ಅವಳು ಸಿಕ್ಕಿಬೀಳಲಿಲ್ಲ; ಆದುದರಿಂದಲೇ ಅವಳಿಗೆ ಪತ್ರವಿಲ್ಲ.

ಉಮಾಬಾಯಿಯವರಿಗೆ ನಾಲ್ಕು ತಿಂಗಳ ದಾಖಲೆಯಿತ್ತು, ದೇಶದ ನಾಯಕರೆಲ್ಲರ ಪರಿಚಯವೂ ಇತ್ತು. ಆದರೂ ತಾಮ್ರಪತ್ರವನ್ನೂ ವೇತನವನ್ನೂ ಅವರು ಸ್ವೀಕರಿಸಲಿಲ್ಲ. ಅಧಿಕಾರದ ಸ್ಥಾನಗಳನ್ನೂ ಒಲ್ಲೆನೆಂದರು. 1946ರಲ್ಲಿ ಗಾಂಧೀಜಿಯವರು ಕಸ್ತೂರಬಾ ನಿಧಿಯ ಕರ್ನಾಟಕ ಶಾಖೆಯ ಹೊಣೆಯನ್ನು ಒಪ್ಪಿಸಿದಾಗ ಮಾತ್ರ ತಲೆಬಾಗಿ ಹೊತ್ತರು. ಹಳ್ಳಿಯ ಹೆಣ್ಣುಮಕ್ಕಳನ್ನು ಗ್ರಾಮಸೇವಿಕೆಯರನ್ನಾಗಿ ಮಾಡಿ ಆರೋಗ್ಯ, ಶಿಶುಪಾಲನೆಗಳಲ್ಲಿ ತರಬೇತು ಕೊಡುವ ಕೆಲಸವದು. ಬೊಕ್ಕಸ ಬರಿದಾದಾಗ ಮನೆಮನೆಗೆ ಹೋಗಿ ಜೋಳಿಗೆ ಒಡ್ಡಿದರು. 1992ರಲ್ಲಿ, ನೂರರ ಅಂಚಿನಲ್ಲಿ, ಹುಬ್ಬಳ್ಳಿಯಲ್ಲಿ ತೀರಿಕೊಳ್ಳುವವರೆಗೂ ಅವರ ಬಾಳು ಆ ಚಿಕ್ಕ ಮನೆಯ ಸರಳತೆಯನ್ನು ಬಿಡಲಿಲ್ಲ. ಸನ್ಮಾನವನ್ನು ನಿರಾಕರಿಸುವುದೇ ಶ್ರೇಷ್ಠವೆಂದು ನಾವು ಹೇಳುತ್ತಿಲ್ಲ. ಬಡತನದಲ್ಲಿದ್ದ ಎಷ್ಟೋ ಯೋಧರಿಗೆ ಆ ವೇತನವೇ ಗಂಜಿಯಾಯಿತು. ಅವರು ಪಡೆದುದು ನ್ಯಾಯವೇ.

ಆ ಪೀಳಿಗೆಯವರು ಈಗ ಬಹುಪಾಲು ಇಲ್ಲವಾಗಿದ್ದಾರೆ. ಇಂದು ಯೋಧರೆಂದು ನಾವು ಕರೆಯುವವರು ಸೈನ್ಯದಲ್ಲಿ ದುಡಿದು ಮರಳಿ ಬಂದವರು. ಹದಿನೇಳೋ ಇಪ್ಪತ್ತೋ ವರ್ಷ ಹಿಮದಲ್ಲಿ, ಮರಳುಗಾಡಿನಲ್ಲಿ ಕಳೆದು ನಲ್ವತ್ತರ ಸುಮಾರಿಗೆ ಊರಿಗೆ ಬಂದವನಿಗೆ ತನ್ನ ಊರೇ ಅಪರಿಚಿತವಾಗಿರುತ್ತದೆ. ಅವನ ಕಷ್ಟಗಳು ದೊಡ್ಡ ಭಾಷಣಕ್ಕೆ ಒದಗುವಂಥವಲ್ಲ. ಪ್ರತಿವರ್ಷ ನವೆಂಬರಿನಲ್ಲಿ, ತಾನಿನ್ನೂ ಬದುಕಿದ್ದೇನೆಂಬ ಪ್ರಮಾಣಪತ್ರವನ್ನು ನಿವೃತ್ತಿ ವೇತನದವರಿಗೆ ಕೊಡಬೇಕು. 2014ರಿಂದ ಅದನ್ನು ಯಂತ್ರದ ಮೇಲೆ ಬೆರಳೊತ್ತಿ ಕೊಡುವ ಸೌಕರ್ಯ ಬಂದಿದೆ. ಒಳ್ಳೆಯದೇ, ಆದರೆ ಹೊಲದಲ್ಲಿ ದುಡಿದು ಸವೆದ ಮುದಿ ಬೆರಳನ್ನು ಆ ಯಂತ್ರ ಒಮ್ಮೊಮ್ಮೆ ಗುರುತಿಸುವುದಿಲ್ಲ! ಯೋಧ ತೀರಿಕೊಂಡ ಮೇಲೆ ಅವನ ವಿಧವೆಯ ಪಾಡು ಇನ್ನೂ ಕಠಿಣ. ಸೈನ್ಯದ ಕಾಗದದಲ್ಲಿ ‘ಬಸವ್ವ’, ಆಧಾರ್ ಚೀಟಿಯಲ್ಲಿ ‘ಬಸಮ್ಮ’ ಎಂದಿದ್ದರೆ ಸಾಕು, ಕುಟುಂಬ ವೇತನ ತಿಂಗಳುಗಟ್ಟಲೆ ತಡೆಯಬಹುದು. ಮಾಜಿ ಸೈನಿಕರ ವೈದ್ಯಕೀಯ ಯೋಜನೆ 2003ರಲ್ಲಿಯೇ ಆರಂಭವಾಗಿದೆ. ಅದರ ಕಾರ್ಡು ಮಾಡಿಸದೆ, ಸಾಲ ಮಾಡಿ ಖಾಸಗಿ ಆಸ್ಪತ್ರೆಯ ಲೆಕ್ಕ ತೀರಿಸುವವರಿದ್ದಾರೆ. ಅರ್ಜಿ ಬರೆದುಕೊಡುವವರು, ಜೊತೆಗೆ ಬಂದು ಕಚೇರಿಯ ಬಾಕಿನ ಮೇಲೆ ಕುಳಿತಿರುವವರು ಬೇಕು. ಇಷ್ಟಕ್ಕೆ ಹಣ ಬೇಡ. ಅಕ್ಷರ ಬಲ್ಲ ಇಬ್ಬರು ಹೆಣ್ಣುಮಕ್ಕಳು, ಒಂದು ಹಗಲಿನ ಬಿಡುವು ಸಾಕು.

ಆದುದರಿಂದ ನಮ್ಮ ಸಂಘದ ಮುಂದೆ ಒಂದು ಸೂಚನೆಯನ್ನು ಇಡುತ್ತಿದ್ದೇವೆ. ಸನ್ಮಾನ ನಡೆಯಲಿ, ಏಲಕ್ಕಿ ಹಾರವೂ ಇರಲಿ. ಶಾಲು, ಸ್ಮರಣಿಕೆ, ಮಂಟಪಗಳಿಗೆಂದು ಎತ್ತಿದ ಹಣದಲ್ಲಿ ಅರ್ಧವನ್ನು ಮಾತ್ರ ಆ ದಿನ ಖರ್ಚುಮಾಡೋಣ. ಉಳಿದ ಅರ್ಧವು ಯೋಧರ ಹಾಗೂ ಅವರ ವಿಧವೆಯರ ಪ್ರಯಾಣದ ವೆಚ್ಚಕ್ಕೆ, ಔಷಧಕ್ಕೆ, ಕಾಗದಪತ್ರದ ಶುಲ್ಕಕ್ಕೆ ಮೀಸಲಾಗಲಿ. ಈ ಸಹಾಯ ನಮ್ಮ ದೇವಾಲಯದ ಕುಟುಂಬಗಳಿಗಷ್ಟೇ ಎಂದು ಗೆರೆ ಎಳೆಯುವುದು ಬೇಡ. ನೂರು ವರ್ಷ ಈ ಊರಿನ ಎಲ್ಲ ಮತದವರ ನಡುವೆ ನೆಮ್ಮದಿಯಿಂದ ಬಾಳಿದವರು ನಾವು.

ಹಣದ ಈ ಹಂಚಿಕೆಗೆ ಕೆಲವರ ವಿರೋಧವಿದೆಯೆಂದು ಬಲ್ಲೆವು. ಶತಮಾನೋತ್ಸವ ನೂರು ವರ್ಷಕ್ಕೊಮ್ಮೆ ಬರುವುದು, ಆಗಲೂ ಕೈ ಹಿಡಿದು ಖರ್ಚುಮಾಡಬೇಕೆ ಎಂಬ ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಅದನ್ನು ಇಂದಿನ ಸಭೆಯೇ ತೀರ್ಮಾನಿಸಲಿ. ಪಟ್ಟಿ ಮಾಡುವ ಕೆಲಸಕ್ಕಂತೂ ಯಾರ ವಿರೋಧವೂ ಇರಲಾರದು. ಹಾವೇರಿಯಲ್ಲಿ, ರಾಣೆಬೆನ್ನೂರಿನಲ್ಲಿ, ಬ್ಯಾಡಗಿಯಲ್ಲಿ ಇಬ್ಬಿಬ್ಬರಂತೆ ಆರು ಮಂದಿ ಮುಂದೆ ಬಂದು, ತಮ್ಮ ತಮ್ಮ ಓಣಿಗಳ ಯೋಧರ ಮನೆಗಳನ್ನೂ, ಯೋಧರನ್ನು ಕಳೆದುಕೊಂಡ ಮನೆಗಳನ್ನೂ ಕೇಳಿ ಬರೆದುಕೊಂಡು ಬರಲಿ. ನವೆಂಬರಿಗೆ ಮೊದಲು ಅದು ಸಿದ್ಧವಾಗಿರಬೇಕು. ಬ್ಯಾಡಗಿಯವರು ಇನ್ನೂ ಸ್ವಲ್ಪ ಮುಂಚೆಯೇ ಮುಗಿಸಿದರೆ ಉತ್ತಮ. ಮೆಣಸಿನಕಾಯಿಯ ಹಂಗಾಮು ಬಂದು ತೊಟ್ಟು ಬಿಡಿಸುವ ಕೆಲಸ ಆರಂಭವಾಯಿತೆಂದರೆ ಅಲ್ಲಿಯ ಹೆಣ್ಣುಮಕ್ಕಳಿಗೆ ತಲೆಯೆತ್ತಲೂ ಪುರಸೊತ್ತಿರುವುದಿಲ್ಲ.